ಬಣ್ಣ ಬಳಿಯದ ಬಂಪರು

ಕಾರು ತೊಳೆಯುವವರ ಕೈ ಮೊದಲು ಹೋಗುವುದು ಬಣ್ಣದ ಮೈಗೆ. ಬಾನೆಟ್ಟು, ಬಾಗಿಲು, ಗಾಜು ಎಲ್ಲ ಮುಗಿದ ಮೇಲೆ ಬಟ್ಟೆಯಲ್ಲಿ ಉಳಿದ ಒದ್ದೆಯಿಂದಲೇ ಬಂಪರಿಗೊಂದು ಸವರು. ಅಷ್ಟು ಹೊತ್ತಿಗೆ ಬಕೆಟ್ಟಿನ ನೀರೂ ಕದಡಿರುತ್ತದೆ, ಬಗ್ಗಿದವರ ಸೊಂಟವೂ ಸೋತಿರುತ್ತದೆ. ಕಂಪನಿಯವರು ಬಣ್ಣ ಹೊಡೆಯದೆ ಹಾಗೇ ಬಿಟ್ಟ ಕಪ್ಪು ಪ್ಲಾಸ್ಟಿಕ್ಕಿಗೆ ಸಿಗುವುದು ಯಾವತ್ತೂ ಮಿಕ್ಕ ನೀರು, ಮಿಕ್ಕ ಬಟ್ಟೆ. ಹಳೆಯ ಕಾರನ್ನು ಯಾರು ಹೇಗೆ ನೋಡಿಕೊಂಡಿದ್ದಾರೆ ಎಂದು ತಿಳಿಯಬೇಕಾದರೆ ನಾನು ಮೊದಲು ನೋಡುವುದು ಅದನ್ನೇ. ಬಂಪರು, ಬಾಗಿಲ ಮೇಲಿನ ಬೀಡಿಂಗು, ಕನ್ನಡಿಯ ಚಿಪ್ಪು, ಬಾಗಿಲ ಹಿಡಿ, ಮುಂಭಾಗದ ಗ್ರಿಲ್ಲು. ಪೇಂಟು ಹೊಸದಾಗಿ ಹೊಡೆಸಿಕೊಂಡು ಬರಬಹುದು. ಬೂದು ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್ಕು ಸುಳ್ಳು ಹೇಳುವುದಿಲ್ಲ.

ಬೆಂಗಳೂರಿನ ಗಂಗಾನಗರದ ಒಳರಸ್ತೆಗಳಲ್ಲಿ ಬೆಳಗ್ಗೆ ಒಂದು ಸುತ್ತು ಹಾಕಿದರೆ ಈ ಕಪ್ಪು ಪ್ಲಾಸ್ಟಿಕ್ಕಿನ ಎಲ್ಲ ವಯಸ್ಸೂ ನೋಡಲು ಸಿಗುತ್ತದೆ. ಬಳ್ಳಾರಿ ರಸ್ತೆಯ ಗದ್ದಲವನ್ನು ಬೆನ್ನಿಗೆ ಹಾಕಿ ಸಿಬಿಐ ರಸ್ತೆಯ ಕಡೆಯಿಂದ ಒಳಗೆ ತಿರುಗಿದರೆ ಸಾಲುಮನೆಗಳು. ಎಷ್ಟೋ ಮನೆಗಳು ಕಟ್ಟಿದ್ದು ಕಾರಿನ ಯೋಚನೆಯೇ ಇಲ್ಲದ ಕಾಲದಲ್ಲಿ. ಹಾಗಾಗಿ ಕಾರುಗಳು ಬೀದಿಯಲ್ಲೇ. ಹೊಂಗೆಮರದ ಕೆಳಗೆ ಜಾಗ ಸಿಕ್ಕ ಕಾರಿನ ಬಂಪರು ಎಷ್ಟು ವರ್ಷವಾದರೂ ಕಡುಗಪ್ಪಾಗಿಯೇ ಇರುತ್ತದೆ. ಮಾರ್ಚ್ ಕಳೆದ ಮೇಲೆ ಅದರ ಮೇಲೆಲ್ಲ ಹೊಂಗೆಹೂವು ಉದುರಿ ಕಸವಾಗುತ್ತದೆ ನಿಜ, ಆದರೆ ಹೂವನ್ನು ಗುಡಿಸಿದರೆ ಹೋಯಿತು. ಅದೇ ವಯಸ್ಸಿನ ಇನ್ನೊಂದು ಕಾರು ಎದುರು ಸಾಲಿನಲ್ಲಿ ಪಡುವಣಕ್ಕೆ ಮೂತಿ ಮಾಡಿಕೊಂಡು ನಿಂತಿದೆ ಎನ್ನಿ, ಅದರ ಮುಂದಿನ ಬಂಪರು ಬಿಳಿಚಿ ಹೋಗಿರುತ್ತದೆ, ಹಿಂದಿನದು ಅಷ್ಟಾಗಿ ಕೆಟ್ಟಿರುವುದಿಲ್ಲ. ಬೀದಿಯಲ್ಲಿ ಯಾವ ಕಾರು ಎಲ್ಲಿ, ಯಾವ ದಿಕ್ಕಿಗೆ ನಿಲ್ಲುತ್ತದೆ ಎನ್ನುವುದನ್ನು ಕಾರಿಲ್ಲದ ಹೊತ್ತಿನಲ್ಲೂ ಹೇಳಬಲ್ಲೆ, ಬಂಪರು ನೋಡಿ ನೋಡಿ ಅಷ್ಟು ರೂಢಿಯಾಗಿದೆ.

ನಮ್ಮ ಮನೆಯದು 2004ರ ಮಾರುತಿ 800. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ನೋಂದಣಿ ಮುಂದುವರಿಸಿಕೊಂಡು ಬಂದಿರುವ ಗಾಡಿ. ಎಂಜಿನ್ನು ಒಂದು ಕೂಗಿಗೆ ಎದ್ದೇಳುತ್ತದೆ. ಅದರ ಬಂಪರಿನ ಮೇಲೆ ನನಗಿರುವ ಮಮತೆಗೆ ಒಂದು ಕಾರಣವೂ ಇದೆ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಬಂಪರೆಂದರೆ ಕ್ರೋಮಿಯಂ ಲೇಪದ ಉಕ್ಕು. ಹೊಳೆಯುವುದೇ ಅದರ ಕೆಲಸ. 1983ರ ಕೊನೆಗೆ ಮಾರುತಿ 800 ಬಂದಿತು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಹೊಳೆಯದ, ತುಕ್ಕು ಹಿಡಿಯದ, ಸಣ್ಣ ಗುದ್ದಿಗೆ ತಗ್ಗಿ ಮತ್ತೆ ಉಬ್ಬಿಕೊಳ್ಳುವ ಕಪ್ಪು ಪ್ಲಾಸ್ಟಿಕ್ ಬಂಪರು ನಮ್ಮ ಬೀದಿಗಳಲ್ಲಿ ಮಾಮೂಲಾಯಿತು. ಮೊದಲ ಬಾರಿಗೆ ಕಾರು ಕೊಂಡ ಲಕ್ಷಾಂತರ ಮನೆಗಳು ಕಂಡದ್ದು ಈ ಬಂಪರನ್ನೇ. ಉಜ್ಜಿ ಹೊಳೆಸುವ ವಿದ್ಯೆಗೆ ನಮ್ಮಲ್ಲೇನೂ ಬರವಿಲ್ಲ. ಹಿತ್ತಾಳೆಗೆ ಹುಣಸೆಹಣ್ಣು, ಬೆಳ್ಳಿಗೆ ವಿಭೂತಿ, ಬಾಗಿಲ ಮರಕ್ಕೆ ಅಗಸೆ ಎಣ್ಣೆ, ರೆಡ್ ಆಕ್ಸೈಡ್ ನೆಲಕ್ಕೆ ಮೇಣದ ಪಾಲಿಶು. ಪ್ಲಾಸ್ಟಿಕ್ಕು ಮಾತ್ರ ತಡವಾಗಿ ಬಂದದ್ದು. ಅದಕ್ಕೆಂದು ಯಾವ ಅಜ್ಜಿಯೂ ಮದ್ದು ಹೇಳಿಕೊಟ್ಟು ಹೋಗಿರಲಿಲ್ಲ. ಅವರವರಿಗೆ ತೋಚಿದ್ದನ್ನು ಹಚ್ಚಿದರು: ಕೊಬ್ಬರಿ ಎಣ್ಣೆ, ಸೀಮೆಎಣ್ಣೆ, ಡೀಸೆಲ್ಲು, ಎಂಜಿನ್ನಿನಿಂದ ಇಳಿಸಿದ ಹಳೇ ಆಯಿಲ್ಲು, ಕೊನೆಗೆ ಶೂ ಪಾಲಿಶು ಕೂಡ.

ಬಂಪರನ್ನು ಮತ್ತೆ ಕಪ್ಪಾಗಿಸುವ ಕೆಲಸಕ್ಕೆ ನಾನು ಮನಸ್ಸು ಮಾಡಿದ್ದು ನಂಬರ್ ಪ್ಲೇಟಿನ ದೆಸೆಯಿಂದ. 2023ರ ಆಗಸ್ಟ್‌ನಲ್ಲಿ ಸರ್ಕಾರ, 2019ರ ಏಪ್ರಿಲ್‌ಗೂ ಹಿಂದಿನ ಗಾಡಿಗಳೆಲ್ಲ ಎಚ್‌ಎಸ್‌ಆರ್‌ಪಿ ಎಂಬ ಅತಿ ಸುರಕ್ಷಿತ ನಂಬರ್ ಪ್ಲೇಟು ಹಾಕಿಸಿಕೊಳ್ಳಬೇಕೆಂದು ಆದೇಶ ಮಾಡಿತಲ್ಲ, ಆಗ ಊರಿನ ಹಳೆಯ ಕಾರುಗಳ ಪ್ಲೇಟುಗಳೆಲ್ಲ ಕಳಚಿದವು. ನಮ್ಮ ಕಾರಿನ ಹಳೆಯ ಪ್ಲೇಟು ಹೊಸದಕ್ಕಿಂತ ದೊಡ್ಡದಿತ್ತು. ಸ್ಕ್ರೂ ಬಿಚ್ಚಿ ಅದನ್ನು ತೆಗೆದಾಗ ಹಿಂದೆ ಅಚ್ಚುಕಟ್ಟಾದ ಒಂದು ಆಯತ ಕಂಡಿತು, ಅಚ್ಚಿನಿಂದ ಅಂದೇ ಹೊರಬಂದಂಥ ಕಪ್ಪು. ಅದರ ಮೈಮೇಲಿನ ಸಣ್ಣ ಸಣ್ಣ ಉಬ್ಬು ತಗ್ಗುಗಳು, ಕಂಪನಿಯವರು ಬೇಕೆಂದೇ ಮೂಡಿಸಿದ ಆ ತರಿ, ಬೆರಳಿಗೆ ಒಂದೊಂದಾಗಿ ಸಿಗುತ್ತಿತ್ತು. ಆಯತದ ಗೆರೆ ದಾಟಿ ಒಂದಿಂಚು ಆಚೆಗೆ ಬೆರಳು ಸರಿಸಿದರೆ ತರಿಯ ತಗ್ಗಿನಲ್ಲೆಲ್ಲ ಬಿಳಿ ಪುಡಿ, ಬೆರಳ ತುದಿಗೂ ಅದು ಮೆತ್ತಿತು. ಹೊಸ ಪ್ಲೇಟು ಕೂತ ಮೇಲೂ ಸುತ್ತ ಕಪ್ಪು ಅಂಚು ಉಳಿದುಕೊಂಡಿತು. ಕಾರು ಎಂಥದ್ದಾಗಿತ್ತು ಎಂಬುದಕ್ಕೆ ಅಷ್ಟು ಖಚಿತವಾದ ಮಾದರಿ ಕಣ್ಣೆದುರಿಗಿರುವಾಗ ಸುಮ್ಮನಿರುವುದು ಹೇಗೆ?

ಬಿಳಿಚಿದ ಬಂಪರಿನ ಮೇಲೆ ಒಂದು ಚೊಂಬು ನೀರು ಸುರಿದು ನೋಡಬೇಕು. ಆ ಗಳಿಗೆಯಲ್ಲಿ ಅದು ಮತ್ತೆ ಕಡುಗಪ್ಪಾಗುತ್ತದೆ. ನೀರು ಇಳಿಯುತ್ತಾ ಹೋದಂತೆ ಮೇಲಂಚಿನಿಂದ ಬೂದು ಬಣ್ಣ ಕೆಳಗಿಳಿದು ಬರುತ್ತದೆ, ಆರಿದ ಮೇಲೆ ಮೊದಲಿನಂತೆ. ಇಡೀ ವಿಷಯ ಈ ಒಂದು ಚೊಂಬಿನಲ್ಲಿದೆ. ಕಪ್ಪು ಎಲ್ಲಿಗೂ ಹೋಗಿಲ್ಲ. ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳೆದ್ದಿವೆ. ಬೆಳಕು ಆ ಬಿರುಕುಗಳಿಗೆ ಬಡಿದು ಅಡ್ಡಾದಿಡ್ಡಿ ಚೆದುರುತ್ತದೆ, ಹಾಗಾಗಿ ಬೆಳ್ಳಗೆ ಕಾಣುತ್ತದೆ. ನೀರು ಬಿರುಕನ್ನು ತುಂಬಿದಾಗ ಚೆದುರುವುದು ನಿಲ್ಲುತ್ತದೆ, ಅಡಿಯ ಕಪ್ಪು ಕಾಣುತ್ತದೆ. ನೀರಿನ ಬದಲು ಆರಿಹೋಗದ ಏನನ್ನಾದರೂ ಆ ಬಿರುಕಿನಲ್ಲಿ ಕೂರಿಸಬೇಕು. ಜಗತ್ತಿನಲ್ಲಿ ಇದಕ್ಕೆಂದು ಮಾರುವ ಬಾಟಲಿಗಳೆಲ್ಲ ಮಾಡಲು ಹೊರಟಿರುವುದು ಇಷ್ಟನ್ನೇ.

ಬಿರುಕು ಏಳುವುದಾದರೂ ಏಕೆ? ಬಂಪರುಗಳು ಬಹುಪಾಲು ಪಾಲಿಪ್ರೊಪಿಲೀನ್. ಇಟಲಿಯ ಜೂಲಿಯೋ ನಟ್ಟಾ 1954ರಲ್ಲಿ ಇದರ ಅಣುಗಳ ಸರಪಳಿಯನ್ನು ಕ್ರಮಬದ್ಧವಾಗಿ ಹೆಣೆದು ಗಟ್ಟಿಯಾದ ಪ್ಲಾಸ್ಟಿಕ್ಕಾಗಿಸಿದ್ದು. 1963ರಲ್ಲಿ ಜರ್ಮನಿಯ ಕಾರ್ಲ್ ಸೀಗ್ಲರ್ ಜೊತೆಗೆ ನೊಬೆಲ್ ಬಂದದ್ದು ಇಂಥ ಕೆಲಸಕ್ಕೇ. ಹಗುರ, ಅಗ್ಗ, ಆಮ್ಲಕ್ಕೂ ಎಣ್ಣೆಗೂ ಜಗ್ಗದು. ಬಂಪರಿಗೆ ಬೇಕಾದ ಬಾಗುವ ಗುಣಕ್ಕೆ ಸ್ವಲ್ಪ ರಬ್ಬರು, ಬಿಗುವಿಗೆ ಸ್ವಲ್ಪ ಟಾಲ್ಕ್ ಪುಡಿ ಬೆರೆಸುತ್ತಾರೆ. ಇಷ್ಟೆಲ್ಲ ಇದ್ದರೂ ಅದಕ್ಕೊಂದು ದೌರ್ಬಲ್ಯ. ಅದರ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಕಾರ್ಬನ್ನಿಗೆ ಅಂಟಿಕೊಂಡ ಹೈಡ್ರೋಜನ್ನು ಬಲು ಸಡಿಲ. ಬಿಸಿಲಿನ ನೇರಳಾತೀತ ಕಿರಣ ಬಿದ್ದು ಒಡೆತ ಶುರುವಾದರೆ ಮೊದಲು ಕಳಚುವುದು ಅದೇ. ಆ ಖಾಲಿ ಜಾಗಕ್ಕೆ ಗಾಳಿಯ ಆಮ್ಲಜನಕ ನುಗ್ಗುತ್ತದೆ, ಸರಪಳಿ ತುಂಡಾಗುತ್ತದೆ, ತುಂಡಾದದ್ದು ಪಕ್ಕದ್ದನ್ನೂ ತುಂಡು ಮಾಡುತ್ತದೆ. ಟೆರೇಸಿನಲ್ಲಿ ಬಟ್ಟೆಗೆ ಹಾಕುವ ಬಣ್ಣಬಣ್ಣದ ಕ್ಲಿಪ್ಪುಗಳು ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಕೈಯಲ್ಲೇ ಪುಡಿಯಾಗುತ್ತವಲ್ಲ, ಅದೂ ಇದೇ ಪಾಲಿಪ್ರೊಪಿಲೀನು, ಇದೇ ಕಾಯಿಲೆ.

ಅದೇ ಟೆರೇಸಿನಲ್ಲಿ ಕಪ್ಪು ನೀರಿನ ಟ್ಯಾಂಕು ಮಾತ್ರ ದಶಕಗಟ್ಟಲೆ ನಿಂತಿರುತ್ತದೆ. ಅದು ಪಾಲಿಥಿಲೀನ್, ಜಾತಿ ಬೇರೆ, ಆದರೆ ಬಿಸಿಲಿಗಂತೂ ಅದೂ ಹೆದರಬೇಕಾದದ್ದೇ. ಕಾಪಾಡಿರುವುದು ಅದಕ್ಕೆ ಬೆರೆಸಿದ ಮಸಿ. ಎಣ್ಣೆಯನ್ನು ಅರೆಬರೆ ಉರಿಸಿ ತೆಗೆದ ನುಣುಪಾದ ಮಸಿಯನ್ನು ನೂರಕ್ಕೆ ಎರಡು ಮೂರು ಪಾಲು ಬೆರೆಸಿದರೂ ಸಾಕು, ಬಂದ ಕಿರಣವನ್ನೆಲ್ಲ ತಾನೇ ನುಂಗಿ ಬಿಸಿಯಾಗಿ ಬಿಟ್ಟುಬಿಡುತ್ತದೆ, ಸರಪಳಿಗೆ ತಾಗಗೊಡುವುದಿಲ್ಲ. ಬಂಪರು ಕಪ್ಪಾಗಿರುವುದು ಅಗ್ಗ ಎಂಬ ಕಾರಣಕ್ಕಷ್ಟೇ ಎಂದುಕೊಂಡವರು ಇದನ್ನು ಗಮನಿಸಬೇಕು. ಆ ಕಪ್ಪೇ ಅದರ ಕೊಡೆ. ಮೇಲಿನ ಕೂದಲೆಳೆಯಷ್ಟು ಪದರ ಬೂದಿಯಾದರೂ ಒಳಗಿನ ಮೈ ವರ್ಷಾನುಗಟ್ಟಲೆ ಗಟ್ಟಿಯಾಗಿರುವುದು ಅದರ ಪುಣ್ಯದಿಂದ.

ಬೆಂಗಳೂರಿನಲ್ಲಿ ಎಂಥ ಬಿಸಿಲು ಎಂದು ಕೇಳುವವರಿದ್ದಾರೆ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ್ದು ಬಿಟ್ಟರೆ ರಾಯಚೂರು, ಕಲಬುರಗಿಯವರ ಮುಂದೆ ನಮ್ಮದು ಬಿಸಿಲೇ ಅಲ್ಲ ಎನ್ನುವುದು ಸರಿ. ಆದರೆ ಪ್ಲಾಸ್ಟಿಕ್ಕಿಗೆ ಸೆಕೆಗಿಂತ ದೊಡ್ಡ ಶತ್ರು ಕಿರಣ. ನಾವಿರುವುದು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲೆ. ಪ್ರತಿ ಸಾವಿರ ಮೀಟರಿಗೆ ನೇರಳಾತೀತ ಕಿರಣ ಸುಮಾರು ಶೇ. 10ರಷ್ಟು ಏರುತ್ತದೆ. ತಣ್ಣನೆ ಗಾಳಿ ಬೀಸುತ್ತಿರುವುದರಿಂದ ಚರ್ಮಕ್ಕೆ ಅದು ತಿಳಿಯುವುದಿಲ್ಲ, ಬಂಪರಿಗೆ ತಿಳಿಯುತ್ತದೆ. ಇನ್ನೊಂದು, ನಮ್ಮ ಅಕ್ಷಾಂಶ. ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಆಸುಪಾಸು ನಡುಮಧ್ಯಾಹ್ನ ಸೂರ್ಯ ನೆತ್ತಿಯ ನೇರಕ್ಕೆ ಬಂದು, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ನೆಹರೂ ತಾರಾಲಯದವರು ಮಕ್ಕಳಿಗೆ ತೋರಿಸುವ ಶೂನ್ಯ ನೆರಳಿನ ದಿನ ಇದೇ. ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಹತ್ತು ಹನ್ನೊಂದು ಡಿಗ್ರಿ ಆಚೆಗೆ ಸರಿಯುವುದೇ ಇಲ್ಲ. ಗಂಗಾನಗರದ ಯಾವ ಹಳೆಯ ಕಾರನ್ನಾದರೂ ನೋಡಿ, ಬಂಪರಿನ ಮೇಲಂಚು, ಆಕಾಶ ನೋಡುವ ಆ ಎರಡಿಂಚು, ಪೂರ್ತಿ ಬಿಳಿಚಿರುತ್ತದೆ. ರಸ್ತೆಯ ಕಡೆ ಮುಖ ಮಾಡಿದ ಕೆಳಗಿನ ಮಡಿಕೆ ಹೊಚ್ಚ ಹೊಸದರಂತಿರುತ್ತದೆ. ಹೊಸ ಕಾರುಗಳಲ್ಲಿ ವೈಪರಿನ ಬುಡದ ಕಪ್ಪು ಪಟ್ಟಿ ಎಲ್ಲಕ್ಕಿಂತ ಮೊದಲು ಮಂಕಾಗುವುದೂ ಅದು ಸದಾ ಆಕಾಶ ನೋಡಿಕೊಂಡಿರುವುದರಿಂದ.

ಇನ್ನು ಕೆಲಸಕ್ಕೆ ಬರುತ್ತೇನೆ. ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆಯುವುದು. ಹಚ್ಚುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ನೀರಿನ ವಿಚಾರದಲ್ಲಿ ನಾನು ಕಟ್ಟುನಿಟ್ಟು. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರವೆದ್ದಾಗ ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತು. ಅದಕ್ಕೂ ಮೊದಲೇ ಪೈಪು ಹಿಡಿದು ತೊಳೆಯುವುದು ನನಗೆ ಸೇರುತ್ತಿರಲಿಲ್ಲ. ಬೋರ್‌ವೆಲ್ ನೀರು ಗಡಸು, ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಆರಿದರೆ ಸುಣ್ಣದ ಚುಕ್ಕೆ ಬಿಡುತ್ತದೆ. ಆರ್‌ಒ ಫಿಲ್ಟರಿನಿಂದ ಹೊರಹೋಗುವ ನೀರು ಅದಕ್ಕಿಂತಲೂ ಗಡಸು. ಈ ಕೆಲಸಕ್ಕೆ ಮಳೆನೀರಿನಂಥದ್ದು ಇನ್ನೊಂದಿಲ್ಲ. ಮಾಳಿಗೆಯಿಂದ ಡ್ರಮ್ಮಿಗೆ ಇಳಿಸಿದ ಮಳೆನೀರು ಒಂದು ಬಕೆಟ್ಟು ಸೋಪಿಗೆ, ಒಂದು ಬಕೆಟ್ಟು ಜಾಲಿಸುವುದಕ್ಕೆ, ಎರಡೇ ಸಾಕು.

ಮೆತ್ತನೆ ಬ್ರಷ್ಷಿನಿಂದ, ಅಂದರೆ ಹಳೆಯ ಟೂತ್‌ಬ್ರಷ್ಷಿನಿಂದ, ತರಿಯ ಉದ್ದಕ್ಕೂ ಅಡ್ಡಕ್ಕೂ ಉಜ್ಜುತ್ತಾ ಹೋದರೆ ಆ ತಗ್ಗುಗಳಲ್ಲಿ ಏನೇನು ಕೂತಿದೆ ಎಂಬುದು ಒಂದೊಂದಾಗಿ ಹೊರಬೀಳುತ್ತದೆ. ಬಳ್ಳಾರಿ ರಸ್ತೆಯ ಜಿಡ್ಡುಧೂಳು ಮೊದಲು. ಆಮೇಲೆ ಬಣ್ಣದ ಮೈಗೆ ಹಚ್ಚಿದ ವ್ಯಾಕ್ಸ್ ಪಾಲಿಶು ಅಂಚು ದಾಟಿ ಪ್ಲಾಸ್ಟಿಕ್ಕಿಗೆ ತಾಗಿ ಬಿಳಿಗಟ್ಟಿದ್ದು. ಇದು ಸೋಪಿಗೆ ಬಗ್ಗುವುದಿಲ್ಲ. ನೀರು ಬೆರೆಸಿದ ಐಸೋಪ್ರೊಪಿಲ್ ಆಲ್ಕೋಹಾಲು ಬೇಕು, ಕೋವಿಡ್ ಕಾಲದಲ್ಲಿ ತಂದಿಟ್ಟ ಬಾಟಲಿಗೆ ಇದೊಂದು ಒಳ್ಳೆಯ ಉಪಯೋಗ. ಅದರಡಿಯಲ್ಲಿ ಆಯುಧಪೂಜೆಗಳು. ಪ್ರತಿ ವರ್ಷ ಬಂಪರಿಗೆ ಇಟ್ಟ ಗಂಧ, ಅರಿಶಿನ, ಕುಂಕುಮ. ಅರಿಶಿನ ತಾನಾಗಿಯೇ ಹೋಗಿರುತ್ತದೆ, ಅದರ ಹಳದಿ ಬಿಸಿಲಿಗೆ ನಿಲ್ಲುವುದಿಲ್ಲ. ಗಂಧ ಒಣಗಿ ತಗ್ಗಿನಲ್ಲಿ ಮೆತ್ತಿಕೊಂಡಿರುತ್ತದೆ, ನೆನೆಸಿದರೆ ಬಿಡುತ್ತದೆ. ಕುಂಕುಮ ಮಾತ್ರ ಹಠಮಾರಿ. ಬ್ರಷ್ಷಿನ ತುದಿಯಲ್ಲಿ ತಿಳಿಗೆಂಪು ನೊರೆಯಾಗಿ ಅದು ಬಿಟ್ಟುಬರುವಾಗ, ಯಾವ ವರ್ಷ ಯಾರು ಇಟ್ಟದ್ದೋ, ಕಾರು ಬಂದ ವರ್ಷ ಅಮ್ಮ ಇಟ್ಟದ್ದೂ ಅದರಲ್ಲಿ ಇದ್ದೀತು ಎಂದು ಕೈ ತುಸು ನಿಧಾನವಾಗುತ್ತದೆ. ಈ ನೊರೆಯನ್ನು ಚರಂಡಿಗೆ ಹರಿಸದೆ ಬಟ್ಟೆಯಲ್ಲಿ ಒರೆಸಿ ತೆಗೆಯುತ್ತೇನೆ. ಕಳಚಿದ ಪುಡಿಯೂ ಪ್ಲಾಸ್ಟಿಕ್ಕೇ, ಕೆರೆಗೆ ಹೋಗಿ ಸೇರುವುದು ಬೇಡ.

ಎದುರು ಮನೆಯ ಅಜ್ಜಿ ಗೇಟಿನ ಬಳಿ ಸೊಪ್ಪು ಬಿಡಿಸುತ್ತಾ ಇದನ್ನೆಲ್ಲ ನೋಡುತ್ತಿದ್ದರು. “ಏನಪ್ಪಾ ಹಚ್ಚೋದು ಅದಕ್ಕೆ?” ಅಂದರು. “ಇನ್ನೂ ಹಚ್ಚಿಲ್ಲ ಅಜ್ಜಿ, ತೊಳೀತಿದೀನಿ” ಅಂದೆ. “ಹಾಗೇ ಮಾಡು. ಹಳೇ ಜಿಡ್ಡಿನ ಮೇಲೆ ಹೊಸ ಎಣ್ಣೆ ಹಚ್ಚಿದ್ರೆ ಕಾವಲಿ ಪಳಗೋದಿಲ್ಲ” ಅಂದರು. ಈ ಮಾತನ್ನು ನಾನು ಎಷ್ಟೋ ಬಾರಿ ನೆನೆದಿದ್ದೇನೆ. ಏಕೆಂದರೆ ದೋಸೆಕಾವಲಿ ಪಳಗುವುದಕ್ಕೂ ಅಗಸೆ ಎಣ್ಣೆ ಬಂಪರಿನ ಮೇಲೆ ನಿಲ್ಲುವುದಕ್ಕೂ ಒಳಗಿನ ರಸಾಯನ ಒಂದೇ. ಕೊಬ್ಬರಿ ಎಣ್ಣೆ ಎಷ್ಟು ದಿನವಾದರೂ ಎಣ್ಣೆಯಾಗಿಯೇ ಇದ್ದು ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಹಾಗಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ಅಣುವಿಗೆ ಅಣು ಹೆಣೆದುಕೊಂಡು ತೆಳ್ಳನೆ ಪೊರೆಯಾಗಿ ಗಟ್ಟಿಯಾಗುತ್ತದೆ. ಪ್ಲಾಸ್ಟಿಕ್ಕನ್ನು ಹಾಳು ಮಾಡಿದ ಆಮ್ಲಜನಕವೇ ಇಲ್ಲಿ ಮದ್ದನ್ನು ಕೂರಿಸುತ್ತದೆ! ಬಡಗಿಗಳು ಬಾಗಿಲಿಗೆ ಹಚ್ಚುವ, ಕಾಯಿಸಿದ ಅಗಸೆ ಎಣ್ಣೆಯನ್ನು ಬಟ್ಟೆಯ ತುದಿಯಲ್ಲಿ ಅದ್ದಿ ತೆಳ್ಳಗೆ ಸವರಿ, ಮಿಕ್ಕಿದ್ದನ್ನು ಪೂರ್ತಿ ಒರೆಸಿ ತೆಗೆದರೆ ಕೆಲವು ತಿಂಗಳು ನಿಲ್ಲುತ್ತದೆ. ಒಂದು ಎಚ್ಚರಿಕೆ: ಆ ಎಣ್ಣೆಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬಾರದು. ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಮುದುಡಿದ ಬಟ್ಟೆಯೊಳಗೆ ಆ ಬಿಸಿ ಹೊರಹೋಗಲಾರದೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಹರಡಿ ಒಣಗಿಸಿ ಬಿಸಾಡಬೇಕು.

ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಸಿಲಿಕೋನ್ ಎಣ್ಣೆಯ ಪಾಲಿಶು. ಸಿಂಪಡಿಸಿದ ಕೂಡಲೇ ಫಳಫಳ, ಎರಡು ಮಳೆ ಬಿದ್ದ ಮೇಲೆ ಅದೇ ಬೂದು. ಸಾಲದ್ದಕ್ಕೆ ಪಕ್ಕದ ಬಣ್ಣದ ಮೈಗೂ ಹಾರಿ ಕೂತು, ಮುಂದೆ ಅಲ್ಲಿ ಪೇಂಟು ಹೊಡೆಯಬೇಕಾದಾಗ ಬಣ್ಣ ಕಣ್ಣುಕಣ್ಣಾಗಿ ಬಿಟ್ಟುಕೊಳ್ಳುವಂತೆ ಮಾಡುತ್ತದೆ. ಹೀಟ್‌ಗನ್ನು ಹಿಡಿಯುವವರೂ ಇದ್ದಾರೆ. ಬಿಸಿಗಾಳಿ ಹಾಯಿಸಿದರೆ ಮೇಲಿನ ಪದರ ಕರಗಿ ಬಿರುಕುಗಳು ಕೂಡಿಕೊಂಡು ಕಣ್ಣೆದುರೇ ಕಪ್ಪು ಮೂಡುತ್ತದೆ, ನೋಡಲು ನಿಜಕ್ಕೂ ಸೊಗಸು. ಆದರೆ ಪಾಲಿಪ್ರೊಪಿಲೀನು 160 ಡಿಗ್ರಿ ದಾಟಿದರೆ ಕರಗುವ ವಸ್ತು. ಕೈ ಒಂದು ಗಳಿಗೆ ನಿಂತರೆ ತರಿ ಅಳಿಸಿ ಆ ಜಾಗ ನುಣ್ಣಗಾಗುತ್ತದೆ, ಅದನ್ನು ಮತ್ತೆ ತರಲಾಗುವುದಿಲ್ಲ. ಬಿಸಿಲು ತಡೆಯಲೆಂದು ಕಂಪನಿಯಲ್ಲಿ ಬೆರೆಸಿದ ಕಾಪು ರಸಾಯನ ಹೋದದ್ದು ಹೋಯಿತು, ಬಿಸಿ ಮಾಡಿದರೆ ಅದೇನೂ ಮರಳಿ ಬರುವುದಿಲ್ಲ.

ಪೇಂಟು ಹೊಡೆಸುವ ಮಾತು ಬಂದಾಗ ಆರ್.ಟಿ. ನಗರದ ಕಡೆಯ ಪೇಂಟರೊಬ್ಬರು, “ಸಾರ್, ಮ್ಯಾಟ್ ಬ್ಲ್ಯಾಕ್ ಹೊಡೆದುಕೊಡ್ತೀನಿ, ಸಂಜೆಗೆ ತಗೊಂಡು ಹೋಗಿ” ಅಂದರು. ಕೈಚಳಕ ಇರುವ ಮನುಷ್ಯ. ನಾನು, “ಬೇಡಣ್ಣ, ಇದನ್ನು ಹಾಗೇ ಇಟ್ಕೊತೀನಿ” ಅಂದೆ. ಪಾಲಿಪ್ರೊಪಿಲೀನಿಗೆ ಏನೂ ಅಂಟುವುದಿಲ್ಲ, ಫೆವಿಕ್ವಿಕ್ ಸಹ ಸರಿಯಾಗಿ ಹಿಡಿಯುವುದಿಲ್ಲ. ಉಪ್ಪುಕಾಗದದಲ್ಲಿ ತಿಕ್ಕಿ, ಅದಕ್ಕೆಂದೇ ಇರುವ ಪ್ಲಾಸ್ಟಿಕ್ ಪ್ರೈಮರು ಹೊಡೆದು, ಆಮೇಲೆ ಬಣ್ಣ ಹೊಡೆದರೆ ನಿಲ್ಲುತ್ತದೆ. ಪ್ರೈಮರು ಬಿಟ್ಟರೆ ಸಿಪ್ಪೆ ಏಳುತ್ತದೆ. ಅದಿರಲಿ, ಚೆನ್ನಾಗಿ ಹೊಡೆದರೂ ಬಣ್ಣ ತರಿಯನ್ನು ಮುಚ್ಚಿಬಿಡುತ್ತದೆ. ಜೆ.ಸಿ. ರಸ್ತೆಗೆ ಹೋದರೆ ಹೊಸ ಬಂಪರೇ ಸಿಗುತ್ತದೆ ಎಂದವರಿಗೂ ನನ್ನದು ಇದೇ ಉತ್ತರ. ಈ ತರಿಗಾಗಿಯೇ ಇಷ್ಟೆಲ್ಲ.

ಕೊನೆಗೆ ನಾನು ಹಚ್ಚಿದ್ದು ಸಿಲಿಕಾ ಆಧಾರದ ಟ್ರಿಮ್ ಕೋಟಿಂಗು. ಅಂಗೈಯಲ್ಲಿ ಅಡಗುವ ಸಣ್ಣ ಬಾಟಲಿ. ಬಿಸಿಲೇರುವ ಮುನ್ನ, ಬಂಪರು ಮುಟ್ಟಿದರೆ ತಣ್ಣಗಿರುವಾಗ ಕೂರಬೇಕು. ಸ್ಪಂಜಿನ ತುಂಡಿಗೆ ಮೆತ್ತನೆ ಬಟ್ಟೆ ಸುತ್ತಿ, ನಾಲ್ಕಾರು ಹನಿ ಹಾಕಿ, ಒಂದು ಗೇಣು ಜಾಗಕ್ಕೆ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಹನಿ ಬಿದ್ದಲ್ಲಿ ಪ್ಲಾಸ್ಟಿಕ್ಕು ಅದನ್ನು ಬಾಯಾರಿದ್ದವರ ಆತುರದಲ್ಲಿ ಹೀರಿಕೊಳ್ಳುತ್ತದೆ. ಬೂದು ಮೈಯ ಮೇಲೆ ಕಪ್ಪಿನ ಗಡಿ ಬೆರಳಿನ ಹಿಂದೆ ಹಿಂದೆಯೇ ಸರಿದು ಬರುತ್ತದೆ. ಎರಡು ನಿಮಿಷ ಬಿಟ್ಟು ಒಣಬಟ್ಟೆಯಲ್ಲಿ ಒರೆಸಿದರೆ ಮಿಂಚು ಹೋಗಿ, ಬೆಳಕನ್ನು ನಿಧಾನಕ್ಕೆ ಒಳಗೆಳೆದುಕೊಳ್ಳುವ ಕಪ್ಪು ಉಳಿಯುತ್ತದೆ. ನನಗೆ ಬೇಕಾಗಿದ್ದು ಅದೇ. ಪ್ಲಾಸ್ಟಿಕ್ಕು ಹೊಳೆಯಬಾರದು. ಅವಸರ ಮಾಡದೆ ಇಡೀ ಬಂಪರು ಮುಗಿಸುವಷ್ಟರಲ್ಲಿ ಗಂಗಾನಗರದ ಬೆಳಗು ಪೂರ್ತಿ ಕಿವಿಗೆ ಬಿದ್ದಿರುತ್ತದೆ: ಸೊಪ್ಪಿನ ಗಾಡಿಯ ಕೂಗು, ಶಾಲೆಯ ವ್ಯಾನು, ಹಳೇ ಪೇಪರಿನವನ ಗಂಟೆ. ಇಪ್ಪತ್ತನಾಲ್ಕು ಗಂಟೆ ನೀರು ತಾಗಿಸಬಾರದು ಅಷ್ಟೇ. ಮಳೆಗಾಲದ ಸಂಜೆಗಳನ್ನು ನಂಬಲಾಗದ್ದರಿಂದ ಜನವರಿ ಫೆಬ್ರವರಿಯೇ ಇದಕ್ಕೆ ಒಳ್ಳೆಯ ಕಾಲ.

ಗೀರುಗಳು ಹೋಗಿಲ್ಲ. ಎಡಮೂಲೆಯಲ್ಲಿ ಯಾವುದೋ ಗೋಡೆಗೆ ಒರೆಸಿದ ಗುರುತು ಕಪ್ಪಿನೊಳಗೂ ಕಾಣುತ್ತದೆ, ನಂಬರ್ ಪ್ಲೇಟಿನ ಸುತ್ತಲ ಮೂಲ ಕಪ್ಪಿಗೂ ಈಗ ತರಿಸಿದ ಕಪ್ಪಿಗೂ ಒಂದು ಎಳೆಯಷ್ಟು ವ್ಯತ್ಯಾಸವೂ ಉಂಟು. ಬೆರಳಾಡಿಸಿದರೆ ತರಿ ಮಾತ್ರ ಈಗ ಎಲ್ಲ ಕಡೆಯೂ ಒಂದೇ.

ಮೇಲಿನ ಮನೆಯ ಹುಡುಗ ತನ್ನ ಸ್ಕೂಟರ್ ಒರೆಸುತ್ತಾ ಕೇಳಿದ, “ಅಂಕಲ್, ಹೆಡ್‌ಲೈಟ್ ಹಳದಿಯಾಗಿದೆಯಲ್ಲ, ಅದಕ್ಕೂ ಇದನ್ನೇ ಹಚ್ಚಬಹುದಾ?” ಹಚ್ಚಬಾರದು ಎಂದು ಹೇಳಿದೆ. ಅದು ಪಾಲಿಕಾರ್ಬೊನೇಟು, ಅದರ ಕಥೆಯೇ ಬೇರೆ. ಅಲ್ಲಿ ಕೆಟ್ಟ ಪದರವನ್ನು ತುಂಬಿಸುವುದಲ್ಲ, ತೆಗೆಯುವುದು: ಸಾವಿರದ ನಂಬರಿನ ಎಮರಿ ಪೇಪರಿನಿಂದ ಶುರುಮಾಡಿ ಎರಡು ಸಾವಿರ, ಮೂರು ಸಾವಿರದವರೆಗೆ ನೀರು ಹಾಕಿಕೊಂಡು ತಿಕ್ಕಿ, ಪಾಲಿಶು ಮಾಡಿ, ಮೇಲೆ ನೇರಳಾತೀತ ತಡೆಯುವ ಲ್ಯಾಕರ್ ಹೊಡೆಯಬೇಕು. ಲ್ಯಾಕರ್ ಬಿಟ್ಟರೆ ಮತ್ತೆ ಹಳದಿ. ಭಾನುವಾರ ಬೆಳಗ್ಗೆ ಬಿಸಿಲೇರುವ ಮೊದಲು ಬಾ, ಬಕೆಟ್ಟು ನಿನ್ನದು ತಾ ಎಂದಿದ್ದೇನೆ.